ಮಿಥ್ಯಾಲೋಕದ ಮನರಂಜಕರು: 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್' ಆಟದಲ್ಲಿ ಭಕ್ಷೀಸಿನ ಸ್ವರೂಪ

ಪ್ರದರ್ಶನ ಕಲೆಗಳ ಅಧ್ಯಯನದಲ್ಲಿ ಕಲಾವಿದನ ಜೀವನೋಪಾಯದ ಪ್ರಶ್ನೆ ಬಹುಮಟ್ಟಿಗೆ ಆಶ್ರಯದಾತನ ಕಡೆಯಿಂದಲೇ ಚರ್ಚಿತವಾಗುತ್ತ ಬಂದಿದೆ. ಅರಮನೆ, ದೇವಸ್ಥಾನ, ಮಠ, ಊರಿನ ಶ್ರೀಮಂತ, ಟಿಕೆಟ್ಟಿನ ನಾಟಕಶಾಲೆ, ಅಕಾಡೆಮಿಯ ಅನುದಾನ ಇವುಗಳ ಬಗ್ಗೆ ದಾಖಲೆಗಳಿವೆ. ಆದ್ದರಿಂದ ಚರ್ಚೆಯೂ ಇದೆ. ದಾರಿಹೋಕನೊಬ್ಬ ಕ್ಷಣಕಾಲ ನಿಂತು ನೋಡಿ, ಕೈಗೆ ಬಂದಷ್ಟನ್ನು ಕೊಟ್ಟು ಹೋಗುವ ಚಿಲ್ಲರೆ ಹಣವನ್ನು ಯಾವ ಶಾಸನವೂ ದಾಖಲಿಸುವುದಿಲ್ಲ. ಅದನ್ನು ಕೊಡಬೇಕೆಂಬ ನಿಯಮವಿಲ್ಲ, ಇಷ್ಟೇ ಎಂಬ ದರವಿಲ್ಲ. ಇಂತಹ ಹಣ ಯಾವುದಕ್ಕಾಗಿ ಸಂದಾಯವಾಗುತ್ತದೆ ಎಂಬ ಪ್ರಶ್ನೆಗೆ ನಿಜಜೀವನದಲ್ಲಿ ಸ್ಪಷ್ಟ ಉತ್ತರ ದೊರೆಯುವುದು ಕಷ್ಟ. ಏಕೆಂದರೆ ಕಲೆ, ಕರುಣೆ, ಪ್ರತಿಷ್ಠೆ, ಸಂಕೋಚ ಎಲ್ಲವೂ ಅಲ್ಲಿ ಒಟ್ಟಿಗೆ ಬೆರೆತಿರುತ್ತವೆ. ಕಂಪ್ಯೂಟರ್ ಆಟದ ಕೃತಕ ಲೋಕವೊಂದರಲ್ಲಿ ಈ ಎಳೆಗಳು ಸ್ವಲ್ಪಮಟ್ಟಿಗೆ ಬೇರ್ಪಟ್ಟು ಕಾಣಿಸಿಕೊಂಡ ಪ್ರಸಂಗವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್' ಎಂಬ ಆನ್‌ಲೈನ್ ಪಾತ್ರಧಾರಣೆಯ ಆಟವು 2003ರ ಜೂನ್ 26ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಜಾರ್ಜ್ ಲ್ಯೂಕಾಸ್ ಅವರ ಪ್ರಸಿದ್ಧ ಚಲನಚಿತ್ರ ಮಾಲಿಕೆಯ ಲೋಕವನ್ನು ಆಧರಿಸಿದ ಇದನ್ನು ಸೋನಿ ಆನ್‌ಲೈನ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ ನಿರ್ಮಿಸಿತ್ತು; ವಿನ್ಯಾಸದ ಮುಂದಾಳು ರಾಫ್ ಕಾಸ್ಟರ್. ಇಂತಹ ಆಟಗಳಲ್ಲಿ ಸಾವಿರಾರು ಜನ ಅಂತರ್ಜಾಲದ ಮೂಲಕ ಏಕಕಾಲಕ್ಕೆ ಒಂದೇ ಲೋಕವನ್ನು ಪ್ರವೇಶಿಸಿ, ತಮಗೊಂದು ದೇಹ, ಹೆಸರು ಹಾಗೂ ವೃತ್ತಿಯನ್ನು ಆರಿಸಿಕೊಂಡು ಬಾಳುತ್ತಾರೆ. ಬಹುಪಾಲು ಆಟಗಳಲ್ಲಿ ವೃತ್ತಿ ಎಂದರೆ ಯುದ್ಧದ ಒಂದಲ್ಲ ಒಂದು ಬಗೆ. ಈ ಆಟದಲ್ಲಿ ಮಾತ್ರ ಮೂವತ್ತಕ್ಕೂ ಹೆಚ್ಚು ವೃತ್ತಿಗಳಿದ್ದು ಅವುಗಳಲ್ಲಿ ದರ್ಜಿ, ವೈದ್ಯ, ಕಟ್ಟಡ ಕಟ್ಟುವವನು ಮುಂತಾದವರೊಂದಿಗೆ ಮನರಂಜಕನಿಗೂ ಸ್ಥಾನವಿತ್ತು. ಮನರಂಜಕನಾಗಿ ಆರಂಭಿಸಿದವರು ಮುಂದೆ ನರ್ತಕ, ಸಂಗೀತಗಾರ ಅಥವಾ ಇತರರ ರೂಪವನ್ನು ಬದಲಿಸಿಕೊಡುವ ಪ್ರಸಾಧಕರಾಗಬಹುದಿತ್ತು. ಇವರ ಕಾರ್ಯಕ್ಷೇತ್ರ 'ಕ್ಯಾಂಟೀನಾ' ಎಂಬ ಪಾನಗೃಹ. ಅಲ್ಲಿ ಕುಣಿದು, ಬಾರಿಸಿ, ಬಂದವರು ಕೊಟ್ಟ 'ಕ್ರೆಡಿಟ್' ಎಂಬ ಆಟದ ನಾಣ್ಯವನ್ನು ಪಡೆಯುವುದು ಇವರ ಮುಖ್ಯ ಜೀವನೋಪಾಯವಾಗಿತ್ತು.

ಹೀಗೆ ಕೊಡುವ ಹಣಕ್ಕೆ ಇಂಗ್ಲಿಷಿನಲ್ಲಿ ಇರುವುದು 'ಟಿಪ್' ಎಂಬ ಒಂದೇ ಪದ. ಕನ್ನಡಕ್ಕೆ ತರುವಾಗ ಆಯ್ಕೆ ಅನಿವಾರ್ಯವಾಗುತ್ತದೆ. ಪರ್ಷಿಯನ್ ಮೂಲದ 'ಭಕ್ಷೀಸು' ಮೇಲಿನವನು ಕೆಳಗಿನವನಿಗೆ ಸಂತೋಷದಿಂದ ಕೊಡುವುದನ್ನು ಸೂಚಿಸುತ್ತದೆ. ಅರಬ್ಬಿಯಿಂದ ಬಂದ 'ಇನಾಮು' ನಮ್ಮಲ್ಲಿ ಭೂಮಿಯವರೆಗೂ ವಿಸ್ತರಿಸಿದೆ. 'ಕಾಣು' ಧಾತುವಿನ 'ಕಾಣಿಕೆ' ಕೆಳಗಿನಿಂದ ಮೇಲಕ್ಕೆ, ದೇವರಿಗೋ ದೊರೆಗೋ ಸಲ್ಲುವಂಥದ್ದು. ಸಂಸ್ಕೃತದ 'ಸಂಭಾವನೆ'ಯಲ್ಲಿ ಗೌರವ ಮೊದಲು, ಹಣ ನಂತರ. ವಿಶ್ವವಿದ್ಯಾಲಯಗಳ ಲೆಕ್ಕಪತ್ರ ವಿಭಾಗಗಳು ಈ ಪದವನ್ನು ಇಂದಿಗೂ ಉಳಿಸಿಕೊಂಡಿವೆ, ಮೊತ್ತವೂ ಬಹುತೇಕ ಗೌರವಪ್ರಧಾನವಾಗಿಯೇ ಇದೆ. ನಾಲ್ಕು ಪದಗಳೂ ಕೊಡುವವನು ಮತ್ತು ಪಡೆಯುವವನ ನಡುವಿನ ಅಂತಸ್ತನ್ನು ಹೇಳುತ್ತವೆ. 'ಕೂಲಿ', 'ಬೆಲೆ' ಎಂಬ ಪದಗಳಾದರೋ ಕೆಲಸ ಮತ್ತು ಹಣದ ಲೆಕ್ಕವನ್ನು ಮಾತ್ರ ಹೇಳುತ್ತವೆ. ಕ್ಯಾಂಟೀನಾದ ಹಣ ಈ ಎರಡು ಗುಂಪುಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬುದೇ ಇಲ್ಲಿನ ಮುಖ್ಯ ಸಮಸ್ಯೆ. ಸದ್ಯಕ್ಕೆ 'ಭಕ್ಷೀಸು' ಎಂಬ ಬಳಕೆಯ ಪದವನ್ನೇ ಇಟ್ಟುಕೊಳ್ಳಲಾಗಿದೆ.

ವಿನ್ಯಾಸಕಾರರ ಯೋಜನೆ ಹೀಗಿತ್ತು. ಪ್ರತಿ ಪಾತ್ರಕ್ಕೂ ಆರೋಗ್ಯ, ಕ್ರಿಯಾಶಕ್ತಿ, ಮನಸ್ಸು ಎಂಬ ಮೂರು ಸಂಚಯಗಳು. ಕಾಳಗದಲ್ಲಿ ಇವುಗಳಿಗೆ ಗಾಯಗಳಾಗುತ್ತಿದ್ದವು. ಮೊದಲ ಎರಡರ ಗಾಯವನ್ನು ವೈದ್ಯರು ವಾಸಿಮಾಡಬಲ್ಲವರಾಗಿದ್ದರು. ಮನಸ್ಸಿನ ಗಾಯ ವಾಸಿಯಾಗುತ್ತಿದ್ದುದು ಮನರಂಜಕರಿಂದ. ಇದಲ್ಲದೆ ಹೋರಾಡಿದಷ್ಟೂ 'ಯುದ್ಧದಣಿವು' ಕೂಡುತ್ತ ಹೋಗುತ್ತಿತ್ತು. ಅದು ಹೆಚ್ಚಾದಂತೆ ವೈದ್ಯರ ಚಿಕಿತ್ಸೆಯ ಫಲವೂ ಕಡಿಮೆಯಾಗುತ್ತಿತ್ತು. ಈ ದಣಿವಿಗೂ ಮದ್ದು ನೃತ್ಯ ಮತ್ತು ಸಂಗೀತವೇ. ಆದ್ದರಿಂದ ಎಂತಹ ಶೂರನಾದರೂ ಆಗಾಗ ಊರಿಗೆ ಮರಳಿ, ಕ್ಯಾಂಟೀನಾ ಹೊಕ್ಕು, ನರ್ತಕಿಯನ್ನು 'ನೋಡು' ಅಥವಾ ವಾದಕನನ್ನು 'ಕೇಳು' ಎಂಬ ಆದೇಶವನ್ನು ಟೈಪು ಮಾಡಿ ಕೆಲವು ನಿಮಿಷ ಸುಮ್ಮನೆ ಕೂರಬೇಕಾಗಿತ್ತು. ಯೋಧರು, ಕುಶಲಕರ್ಮಿಗಳು ಹಾಗೂ ಕಲಾವಿದರು ಪರಸ್ಪರ ಭೇಟಿಯಾಗಿ ಮಾತನಾಡುವುದಕ್ಕೆ ಆಟದಲ್ಲಿಯೇ ಬಿಡುವನ್ನು ಕಲ್ಪಿಸಿದ್ದುದು ಈ ಯೋಜನೆಯ ಹೊಸತನ. ಕಲೆಯನ್ನು ಅಲಂಕಾರವೆಂದಲ್ಲದೆ ಅಗತ್ಯವೆಂದು ಕಲ್ಪಿಸಿದ ಈ ಧೈರ್ಯ ಮೆಚ್ಚತಕ್ಕದ್ದೇ. ಆದರೆ ತೊಡಕು ಇದ್ದುದೂ ಅಲ್ಲಿಯೇ.

ಮನರಂಜಕನಾಗುವುದು ಅಗ್ಗದ ಆಯ್ಕೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆರಂಭದಲ್ಲಿ ಒಬ್ಬ ಚಂದಾದಾರನಿಗೆ ಒಂದು ಸರ್ವರಿನಲ್ಲಿ ಒಂದೇ ಪಾತ್ರಕ್ಕೆ ಅವಕಾಶ. ಆ ಪಾತ್ರಕ್ಕೆ ಕೌಶಲಗಳನ್ನು ಕೊಳ್ಳಲು 250 ಅಂಕಗಳ ಮಿತಿ. ನೃತ್ಯಕ್ಕೆ ವ್ಯಯಿಸಿದ ಅಂಕಗಳು ಬಂದೂಕಿಗೆ ದೊರೆಯುತ್ತಿರಲಿಲ್ಲ. ಹೀಗಾಗಿ ಪೂರ್ಣಪ್ರಮಾಣದ ಕಲಾವಿದನಿಗೆ ಬೇಟೆ, ಕಾಳಗಗಳ ಆದಾಯ ಬಹುಮಟ್ಟಿಗೆ ಇಲ್ಲವಾಗುತ್ತಿತ್ತು. ಪ್ರಯಾಣದ ಟಿಕೆಟ್ಟು, ಮನೆಯ ನಿರ್ವಹಣೆ, ಉಡುಪು, ಶಿಕ್ಷಣ ಎಲ್ಲಕ್ಕೂ ಭಕ್ಷೀಸೇ ಆಧಾರ. ಒಂದು ವಿಷಯವನ್ನು ಪ್ರಾಸಂಗಿಕವಾಗಿ ಹೇಳಬಹುದು: ಯಾವುದೇ ವೃತ್ತಿಯಲ್ಲಿ ಆಚಾರ್ಯ ಪದವಿಗೇರಲು ಸ್ವಂತ ಅಭ್ಯಾಸ ಸಾಲದೆ ಇತರರಿಗೆ ಕಲಿಸಿದ ಅನುಭವದ ಅಂಕಗಳೂ ಬೇಕಾಗಿದ್ದವು. ಕಲಿಸದವನು ಆಚಾರ್ಯನಾಗಲಾರ ಎಂಬ ನಿಯಮವನ್ನು ಒಂದು ತಂತ್ರಾಂಶ ಇಷ್ಟು ಕಟ್ಟುನಿಟ್ಟಾಗಿ ಜಾರಿಗೆ ತಂದುದು ಅಧ್ಯಾಪಕ ವರ್ಗದ ಗಮನ ಸೆಳೆಯಬೇಕಾದ ಸಂಗತಿ.

ಭಕ್ಷೀಸಿನ ಸ್ವರೂಪವನ್ನು ತಿಳಿಯಲು ನರ್ತಕನನ್ನು ವೈದ್ಯನೊಂದಿಗೆ ಹೋಲಿಸುವುದು ಸಹಾಯಕ. ಇಬ್ಬರೂ ಆಟಗಾರರ ದೇಹಬಲವನ್ನು ಸರಿಪಡಿಸುವವರೇ. ಆದರೆ ಕಾಳಗಕ್ಕೆ ಮುನ್ನ ತಾತ್ಕಾಲಿಕ ಬಲವರ್ಧನೆ ಮಾಡುತ್ತಿದ್ದ ವೈದ್ಯರು ಇಂತಿಷ್ಟು ಎಂದು ದರ ಸಾರಿ, ಮೊದಲೇ ಹಣ ಪಡೆಯುತ್ತಿದ್ದರು. ನರ್ತಕರು ಬಂದಷ್ಟಕ್ಕೆ ಕಾಯುತ್ತಿದ್ದರು. ಈ ವ್ಯತ್ಯಾಸಕ್ಕೆ ಕಾರಣ ಕಲೆಯ ಬಗೆಗಿನ ತಾತ್ಸಾರವಷ್ಟೇ ಅಲ್ಲ. ವೈದ್ಯನು ಬಳಸುವ ಔಷಧವನ್ನು ಸಂಪನ್ಮೂಲಗಳಿಂದ ತಯಾರಿಸಬೇಕಾಗಿತ್ತು. ಪ್ರತಿ ಬಳಕೆಗೂ ಅದು ಖರ್ಚಾಗುತ್ತಿತ್ತು. ವೆಚ್ಚ ಕಣ್ಣಿಗೆ ಕಾಣುವುದರಿಂದ ಬೆಲೆಯೂ ನ್ಯಾಯವೆನಿಸುತ್ತಿತ್ತು. ನರ್ತಕನಾದರೋ ಖರ್ಚುಮಾಡುತ್ತಿದ್ದುದು ತನ್ನ ಸಮಯವನ್ನು ಮತ್ತು ತಾನಾಗಿಯೇ ತುಂಬಿಕೊಳ್ಳುವ ಕ್ರಿಯಾಶಕ್ತಿಯನ್ನು. ಎರಡನೆಯದಾಗಿ, ವೈದ್ಯನ ಸೇವೆ ಒಬ್ಬರ ನಂತರ ಒಬ್ಬರಿಗೆ. ನೃತ್ಯದ ಫಲ ನೋಡುತ್ತಿರುವ ಎಲ್ಲರಿಗೂ ಒಮ್ಮೆಗೇ. ಹತ್ತು ಜನ ನೋಡಿ ಒಬ್ಬನೇ ಕೊಟ್ಟರೂ ಹತ್ತು ಜನರ ದಣಿವೂ ಇಳಿಯುತ್ತಿತ್ತು. ಕೊಡದವರಿಗೆ ತನ್ನ ಪ್ರದರ್ಶನದ ಫಲ ಸಿಗದಂತೆ ತಡೆಯುವ ಆದೇಶವೊಂದು ಮನರಂಜಕರ ಕೈಯಲ್ಲಿತ್ತು ನಿಜ. ಆದರೆ ಅದೇ ಕೋಣೆಯಲ್ಲಿ ಇನ್ನೊಬ್ಬ ನರ್ತಕನಿದ್ದರೆ ನಿರಾಕೃತನಾದವನು ಅತ್ತ ಮುಖ ತಿರುಗಿಸಿದರೆ ಸಾಕಾಗಿತ್ತು. ಅಲ್ಲದೆ ಅಂತಹ ಆದೇಶವನ್ನು ಬಳಸಿದ ಕ್ಷಣವೇ ಭಕ್ಷೀಸು ಶುಲ್ಕವಾಗಿ ಮಾರ್ಪಡುತ್ತದೆ. ಹರಿಕಥೆಯ ಕೊನೆಯಲ್ಲಿ ಆರತಿ ತಟ್ಟೆ ಬರುವಾಗ ಕೊಡದವನನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲವಷ್ಟೆ.

ಹಾಗಾದರೆ ಕೆಲವರು ಹೆಚ್ಚು ಗಳಿಸುತ್ತಿದ್ದುದು ಹೇಗೆ? ಮೊದಲ ಅಂಶ ಸ್ಥಳ. ಕೊರೆಲಿಯಾ ಗ್ರಹದ ಕೊರೊನೆಟ್, ನಾಬೂ ಗ್ರಹದ ಥೀಡ್ ಮುಂತಾದ ಜನನಿಬಿಡ ನಗರಗಳ ಕ್ಯಾಂಟೀನಾಗಳಲ್ಲಿ ಗಿರಾಕಿಗಳು ಹೆಚ್ಚು, ಜೊತೆಗೆ ಕಲಾವಿದರೂ ಹೆಚ್ಚು. ಆಟಗಾರರ ಮದುವೆ, ಸಂಘದ ಸಮಾರಂಭಗಳಿಗೆ ಕರೆಸಿಕೊಳ್ಳಲ್ಪಡುವ ತಂಡಗಳಿಗೆ ಮುಂಚಿತವಾಗಿ ಮಾತಾದ ಹಣ ದೊರೆಯಬಹುದಾಗಿತ್ತು. ಪ್ರಸಾಧಕರ ಕೆಲಸ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ನಡೆಯುತ್ತಿದ್ದುದರಿಂದ ಅಲ್ಲಿ ದರ ಹೇಳುವುದು ಸುಲಭ. ಎದುರಿಗಿದ್ದವನಿಗೆ ನಗದು ಕೊಟ್ಟರೆ ಕಡಿತವಿರಲಿಲ್ಲ. ಬ್ಯಾಂಕಿನ ಮೂಲಕ ದೂರದಿಂದ ಕಳುಹಿಸುವವರು ಶೇಕಡಾ 5ರಷ್ಟು ಹೆಚ್ಚುವರಿ ತೆರಬೇಕಾಗಿತ್ತು. ಇವೆಲ್ಲ ವ್ಯವಹಾರದ ಮಾತುಗಳು. ನಿಜವಾದ ಕುತೂಹಲ ಇರುವುದು ಪ್ರದರ್ಶನದ ಒಳಗೆ.

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಈ ವಿಂಗಡಣೆಯನ್ನು ಕ್ಯಾಂಟೀನಾಕ್ಕೆ ಅನ್ವಯಿಸಿದರೆ ವಿಚಿತ್ರವಾದ ಚಿತ್ರ ದೊರೆಯುತ್ತದೆ. ಆಂಗಿಕವೆಲ್ಲ ತಂತ್ರಾಂಶದ್ದು: ನೃತ್ಯದ ಹೆಸರನ್ನು ಟೈಪು ಮಾಡಿದರೆ ಪಾತ್ರ ತಾನೇ ಕುಣಿಯುತ್ತದೆ, ಒಂದರಿಂದ ಎಂಟರವರೆಗಿನ ಸಂಖ್ಯೆಯನ್ನು ಸೇರಿಸಿ ಆದೇಶಿಸಿದರೆ ಅದಕ್ಕೆ ಗೊತ್ತಾದ ಬೆಡಗಿನ ಹೆಜ್ಜೆಯೊಂದನ್ನು ಹಾಕುತ್ತದೆ. ಸಂಗೀತವೂ ಮೊದಲೇ ರಚಿತವಾದದ್ದು. ವಾದ್ಯಗೋಷ್ಠಿಯ ಸದಸ್ಯರು ಒಂದೇ ರಾಗವನ್ನು ಆರಿಸಿದರೆ ತಾಳ ತಪ್ಪದಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಆಟಗಾರ ಹೊಸ ರಾಗವೊಂದನ್ನು ಕಟ್ಟುವಂತಿಲ್ಲ. ಆಹಾರ್ಯವನ್ನು ಒದಗಿಸುತ್ತಿದ್ದವರು ದರ್ಜಿಗಳು ಮತ್ತು ಪ್ರಸಾಧಕರು. ಉಳಿದದ್ದು ವಾಚಿಕ. ಒಳಗೆ ಬಂದವನನ್ನು ಹೆಸರು ಹಿಡಿದು ಸ್ವಾಗತಿಸುವುದು, ಯಾವ ಮೃಗ ಗಾಯಗೊಳಿಸಿತು ಎಂದು ವಿಚಾರಿಸುವುದು, ಹಾಸ್ಯ, ಪಾತ್ರೋಚಿತವಾದ ಕಥೆ, ಕೊಟ್ಟವನಿಗೆ ನಾಲ್ಕು ಜನರೆದುರು ಕೃತಜ್ಞತೆ, ಕೊಡದವನಿಗೂ ಮತ್ತೊಮ್ಮೆ ಬರುವ ಆಹ್ವಾನ ಇವು ಕಲಾವಿದನು ತನ್ನ ಬೆರಳುಗಳಿಂದಲೇ ಟೈಪು ಮಾಡಬೇಕಾದವು. ಒಂದೇ ಹಂತದ ಇಬ್ಬರು ನರ್ತಕರ ನಡುವೆ ಕುಣಿತದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದಿರುವಾಗ, ಒಬ್ಬನಿಗೆ ಹಣ ಬಂದು ಇನ್ನೊಬ್ಬನಿಗೆ ಬಾರದಿದ್ದರೆ ಆ ಹಣ ಸಂದದ್ದು ಮಾತಿಗೆ ಎನ್ನಬೇಕಾಗುತ್ತದೆ. ಚಿಕಿತ್ಸೆ ಉಚಿತವಾಗಿ ದೊರೆಯುತ್ತಿತ್ತು. ನೋಡುಗನು ಹಣ ತೆತ್ತದ್ದು ತನ್ನನ್ನು ಒಬ್ಬರು ಗುರುತಿಸಿದರು ಎಂಬುದಕ್ಕೆ.

ಈ ತೀರ್ಮಾನಕ್ಕೆ ವ್ಯತಿರಿಕ್ತ ದಿಕ್ಕಿನಿಂದ ಪುರಾವೆ ಒದಗಿಸಿದ್ದು 'ಮ್ಯಾಕ್ರೋ'ಗಳು. ಆದೇಶಗಳ ಸರಣಿಯೊಂದನ್ನು ಬರೆದಿಟ್ಟು ಅದು ತಾನಾಗಿ ಪುನರಾವರ್ತನೆಯಾಗುವಂತೆ ಮಾಡುವ ಸೌಲಭ್ಯ ಆಟದಲ್ಲಿಯೇ ಇತ್ತು. ನೃತ್ಯವನ್ನು ಆರಂಭಿಸಿ, ಕ್ಷಣಕಾಲ ತಡೆದು, ಬೆಡಗಿನ ಹೆಜ್ಜೆ ಹಾಕಿ, ಮತ್ತೆ ಮೊದಲಿಗೆ ಮರಳುವ ನಾಲ್ಕು ಸಾಲನ್ನು ಬರೆದಿಟ್ಟರೆ ಆಟಗಾರ ಊಟಕ್ಕೆ ಹೋಗಬಹುದು, ನಿದ್ದೆಯನ್ನೂ ಮಾಡಬಹುದು. ಬೇಕಿದ್ದರೆ ಭಕ್ಷೀಸು ಬೇಡುವ ವಾಕ್ಯವೊಂದನ್ನೂ ಅದರಲ್ಲಿ ಸೇರಿಸಬಹುದಾಗಿತ್ತು. ವಾಚಿಕವೂ ಹೀಗೆ ಯಂತ್ರದ ಪಾಲಾಗುತ್ತಿತ್ತು. 2003ರ ಕೊನೆಯ ತಿಂಗಳುಗಳಲ್ಲಿ ಈ ಪ್ರವೃತ್ತಿಗೆ ಇನ್ನೊಂದು ಕಾರಣ ಕೂಡಿಕೊಂಡಿತು. ಆಟದ ಅತ್ಯಂತ ಶಕ್ತಿಶಾಲಿ ಪಾತ್ರವಾದ 'ಜೆಡೈ' ಆಗಲು ಗೊತ್ತುಪಡಿಸಿದ ಕೆಲವು ವೃತ್ತಿಗಳಲ್ಲಿ ಪಾರಂಗತರಾಗಬೇಕೆಂಬುದು ಬಯಲಾಯಿತು. ಆ ವೃತ್ತಿಗಳು ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಬಗೆ. ಕುಣಿತದಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲದ ಯೋಧರು ಕೂಡ ಜೆಡೈ ಆಗುವ ಹಂಬಲದಿಂದ ನರ್ತಕರಾದರು. ಇವರಿಗೆ ಬೇಕಾಗಿದ್ದುದು ಅನುಭವದ ಅಂಕ. ಭಕ್ಷೀಸೂ ಬೇಡ, ಪ್ರೇಕ್ಷಕನೂ ಬೇಡ. ಯಜಮಾನನಿಲ್ಲದ ದೇಹಗಳು ಸಾಲಾಗಿ ನಿಂತು ಕುಣಿಯುವ ಕ್ಯಾಂಟೀನಾದಲ್ಲಿ ದಣಿವಂತೂ ಇಳಿಯುತ್ತಿತ್ತು. ಆದರೆ ಕೃತಜ್ಞತೆ ಹೇಳುವವರಿಲ್ಲದ ಕಡೆ ಹಣ ಕೊಡುವ ಕಾರಣವೂ ಉಳಿಯಲಿಲ್ಲ. ಎದುರಿಗೇ ಕುಳಿತು ಮಾತನಾಡುತ್ತ ಗಳಿಸುತ್ತಿದ್ದ ಕಲಾವಿದನಿಗೆ ಈ ಉಚಿತ ಸ್ಪರ್ಧೆ ಒಡ್ಡಿದ ಸಂಕಟ ಊಹೆಗೆ ನಿಲುಕದ್ದಲ್ಲ. ನೋಡುವವರೂ ಅಷ್ಟೆ: 'ನೋಡು' ಎಂಬ ಆದೇಶ ಕೊಟ್ಟು ತಾವೂ ಯಂತ್ರದ ಮುಂದಿನಿಂದ ಎದ್ದುಹೋಗಬಹುದಾಗಿತ್ತು. ಗೈರುಹಾಜರಾದ ನರ್ತಕಿಯನ್ನು ಗೈರುಹಾಜರಾದ ಪ್ರೇಕ್ಷಕ ನೋಡುವ ಈ ಸ್ಥಿತಿಗೆ ಅಲಂಕಾರಶಾಸ್ತ್ರದಲ್ಲಿ ಹೆಸರಿಲ್ಲ.

ಮನೆ ಮತ್ತು ಕಚೇರಿಗಳ ಹೊರಗೆ ಜನ ಸುಮ್ಮನೆ ಸೇರುವ ಹೋಟೆಲು, ಅಂಗಡಿಕಟ್ಟೆಗಳನ್ನು ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ತಮ್ಮ ಗ್ರಂಥದಲ್ಲಿ 'ಮೂರನೆಯ ತಾಣ' ಎಂದು ಕರೆದಿದ್ದರು. ನಿಕೊಲಾ ಡುಶೆನೊ, ರಾಬರ್ಟ್ ಮೂರ್, ಎರಿಕ್ ನಿಕೆಲ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಪರಿಕಲ್ಪನೆಯನ್ನು ಇದೇ ಆಟದ ಎರಡು ಸ್ಥಳಗಳಿಗೆ ಅನ್ವಯಿಸಿ ನೋಡಿದೆ. ಸ್ಥಳದ ರಚನೆಯೇ ಆಟಗಾರರ ಒಡನಾಟದ ಬಗೆಯನ್ನು ರೂಪಿಸುತ್ತದೆ ಎಂಬುದು ಅವರ ನಿರೂಪಣೆ. ಭಕ್ಷೀಸಿನ ಮಟ್ಟಿಗೆ ಈ ಮಾತಿಗೆ ಒಂದು ತಿದ್ದುಪಡಿ ಸೂಚಿಸಬಹುದು. ಓಲ್ಡನ್‌ಬರ್ಗ್ ಹೇಳುವ ತಾಣಕ್ಕೆ ಜನ ಬರುವುದು ಬೇಕೆನಿಸಿದಾಗ. ಕ್ಯಾಂಟೀನಾಕ್ಕೆ ಬರುತ್ತಿದ್ದುದು ಬರಲೇಬೇಕಾದಾಗ. ಚಿಕಿತ್ಸೆ ಮುಗಿದ ಕೂಡಲೆ ಎದ್ದುಹೋಗುವವನಿಗೆ ಅದು ಆಸ್ಪತ್ರೆಯ ಕಾಯುವ ಕೋಣೆ. ಚಿಕಿತ್ಸೆ ಮುಗಿದ ಮೇಲೂ ಕುಳಿತವನಿಗೆ ಮಾತ್ರ ಅದು ಹರಟೆಕಟ್ಟೆಯಾಗುತ್ತಿತ್ತು.

2005ರ ಏಪ್ರಿಲ್‌ನಲ್ಲಿ ಕಾಳಗದ ವ್ಯವಸ್ಥೆ ಪರಿಷ್ಕೃತವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಇಡೀ ಆಟವನ್ನೇ ಪುನಾರಚಿಸಿ ವೃತ್ತಿಗಳನ್ನು ಒಂಬತ್ತಕ್ಕೆ ಇಳಿಸಲಾಯಿತು. ಮನರಂಜಕನು ಆ ಒಂಬತ್ತರಲ್ಲಿ ಉಳಿದನಾದರೂ ಅವನ ಪಾಲಿಗೆ ಬಂದದ್ದು ದಣಿವು ಕಳೆಯುವ ಹಳೆಯ ಕೆಲಸವಲ್ಲ, ಪ್ರೇಕ್ಷಕರಿಗೆ ತಾತ್ಕಾಲಿಕ ಬಲವರ್ಧನೆಗಳನ್ನು ನೀಡುವ ಕೆಲಸ. ಹಿಂದೆ ವೈದ್ಯನದಾಗಿದ್ದ ಸ್ಥಾನಕ್ಕೆ ಅವನು ಹತ್ತಿರವಾದನೆನ್ನಬಹುದು. ಹಳೆಯ ಆಟಗಾರರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. 2011ರ ಡಿಸೆಂಬರ್ 15ರಂದು ಆಟವೇ ನಿಂತಿತು.

ಇದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಉದಾಹರಣೆ 2007ರಲ್ಲಿ ಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್'. ಅಲ್ಲಿ ಆಟಗಾರರು ಅಕ್ಷರರೂಪದ ಸ್ವರಲಿಪಿಯಲ್ಲಿ ತಾವೇ ಸಂಗೀತವನ್ನು ಬರೆದು ನುಡಿಸಬಹುದು. ಆ ಸಂಗೀತವನ್ನು ಕೇಳಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಆದರೂ ಅಲ್ಲಿ ವಾದ್ಯತಂಡಗಳು ಹುಟ್ಟಿಕೊಂಡವು. 2009ರಲ್ಲಿ ಆರಂಭವಾದ 'ವೆದರ್‌ಸ್ಟಾಕ್' ಎಂಬ ಸಂಗೀತೋತ್ಸವಕ್ಕೆ ಆಟಗಾರರು ಬೆಟ್ಟವೇರಿ ಬಂದರು. ಅಗತ್ಯದ ಊರುಗೋಲಿಲ್ಲದೆಯೂ ಶ್ರೋತೃಗಳು ದೊರೆಯುತ್ತಾರೆ ಎಂಬುದಕ್ಕೆ ಇದು ನಿದರ್ಶನ. ಆದರೆ ಅಲ್ಲಿನ ಸಂಗೀತಗಾರನು ಕಾಳಗವನ್ನು ತ್ಯಜಿಸಿ ಬಂದವನಲ್ಲ, ವಾದನದಿಂದ ಬದುಕಬೇಕಾದವನೂ ಅಲ್ಲ, ಹವ್ಯಾಸಿ. ನೃತ್ಯ ಸಂಗೀತಗಳನ್ನು ವೃತ್ತಿಯಾಗಿಸಿ, ಅದಕ್ಕೆ ಗಿರಾಕಿಯನ್ನೂ ಗೊತ್ತುಮಾಡಿ, ಬೆಲೆಯೊಂದನ್ನು ಮಾತ್ರ ಗೊತ್ತುಮಾಡದೆ ಬಿಟ್ಟ ಪ್ರಯೋಗ 'ಗ್ಯಾಲಕ್ಸೀಸ್'ನದು. 2005ರ ಏಪ್ರಿಲ್‌ಗಿಂತ ಮುಂಚಿನ ಆ ಆಟದ ಸ್ವರೂಪವನ್ನು ಅಭಿಮಾನಿ ತಂತ್ರಜ್ಞರು ತಮ್ಮದೇ ಸರ್ವರುಗಳಲ್ಲಿ ಮತ್ತೆ ಕಟ್ಟಿದ್ದಾರೆ. ಯುದ್ಧದಣಿವು ಅಲ್ಲಿಗೆ ಮರಳಿ ಬಂದಿದೆ, ಕ್ಯಾಂಟೀನಾಗಳೂ ಬಂದಿವೆ. ಅವುಗಳೊಳಗೆ ಯಜಮಾನನಿಲ್ಲದೆ ಕುಣಿಯುವ ದೇಹಗಳೂ ಬಂದಿವೆ.