ಹಲ್ಲಿನ ಚಿಕಿತ್ಸೆ: ಬಡವರ ಕೈಗೆಟುಕುವ ದಾರಿಗಳು

ಕೆಲವು ವರ್ಷಗಳ ಹಿಂದೆ ಜೋಯಿಡಾ ತಾಲೂಕಿನ ಕುಂಬಾರವಾಡದ ಕಡೆಯಿಂದ ವೃದ್ಧೆಯೊಬ್ಬರು ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೆಳದವಡೆಯ ಹಲ್ಲು ಹುಳುಕಾಗಿ ಮೂರು ರಾತ್ರಿ ನಿದ್ರೆಯಿರಲಿಲ್ಲ. ಲವಂಗತೈಲದಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿನ ಕುಳಿಗಿಟ್ಟು, ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ತಿಳಿಸಿ, ಹಲ್ಲಿನ ವೈದ್ಯರಿಗೆ ತೋರಿಸಿರೆಂದು ಕಳುಹಿಸಿದೆ. ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚಾದೀತು ಎಂಬುದನ್ನು ಹೇಳಲಿಲ್ಲ. ನೋವು ತಗ್ಗಿತು, ಅವರು ಎಲ್ಲಿಗೂ ಹೋಗಲಿಲ್ಲ. ಮೂರು ತಿಂಗಳ ಬಳಿಕ ಗದ್ದದ ಕೆಳಗೆ ಬಾವು, ಜ್ವರ, ನೀರನ್ನೂ ನುಂಗಲಾಗದ ಸ್ಥಿತಿ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು. ಸಾಲ ತೀರಲು ಎರಡು ಸುಗ್ಗಿ ಹಿಡಿಯಿತು. “ಸಾಹೇಬ್ರ, ಕಾರ್ಖಾನಿ ನೌಕರಿ ಇದ್ದವರಿಗೆ ಕಾರ್ಡ್ ಇರ್ತೈತ್ರಿ, ನಮಗೇನೈತ್ರಿ?” ಎಂದು ಮಗ ಕೇಳಿದ್ದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದು ನನ್ನದೇ ಲೋಪ.

ಲವಂಗತೈಲ ನೋವನ್ನು ಮರಗಟ್ಟಿಸುತ್ತದೆ, ಕುಳಿಯನ್ನು ಮುಚ್ಚುವುದಿಲ್ಲ. ಆಯುರ್ವೇದದ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕೃಮಿದಂತವನ್ನು ವಿವರಿಸಿದ ಸುಶ್ರುತನೂ ಎಣ್ಣೆ, ಕಷಾಯಗಳಿಗೇ ನಿಲ್ಲಲಿಲ್ಲ. ಹಲ್ಲು ಕೀಳುವುದನ್ನೂ ಹೇಳಿದ್ದಾನೆ, ಅವನ ಶಸ್ತ್ರಗಳ ಪಟ್ಟಿಯಲ್ಲಿ ದಂತಶಂಕುವೂ ಇದೆ. ಹುಳುಕು ಮೇಲ್ಪದರದಲ್ಲಿರುವಾಗ ಒಂದೇ ಭೇಟಿಯಲ್ಲಿ ತುಂಬಿಸಬಹುದು. ಒಳಗಿನ ನರಕ್ಕೆ ತಲುಪಿದರೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಅದನ್ನೂ ಬಿಟ್ಟರೆ ಕೀಳಿಸುವುದು, ಆಮೇಲೆ ಕೃತಕ ಹಲ್ಲು. ಖರ್ಚಿಗೆ ಹೆದರಿ ಕಾಯ್ದಷ್ಟೂ ಖರ್ಚು ಏರುವ ರೋಗವಿದು.

ಕಾರ್ಡಿಲ್ಲವೆಂದು ಕೈಚೆಲ್ಲುವ ಮೊದಲು ಒಂದನ್ನು ವಿಚಾರಿಸಿಕೊಳ್ಳಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಹೋಟೆಲು, ರೆಸಾರ್ಟುಗಳಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಗುತ್ತಿಗೆ ಕಾರ್ಮಿಕರೂ ಇದಕ್ಕೆ ಹೊರತಲ್ಲ. ಸಂಬಳದಲ್ಲಿ ಶೇ. 0.75ರಷ್ಟು ಕಡಿತವಾಗುತ್ತಿದ್ದರೆ ಚಿಕಿತ್ಸೆಯ ಹಕ್ಕು ದುಡಿಯುವವನಿಗಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೂ, ಅವನನ್ನೇ ಅವಲಂಬಿಸಿದ ತಂದೆತಾಯಿಗೂ ಇದೆ. ಆದರೆ ಅವರ ಹೆಸರುಗಳನ್ನು ನೋಂದಾಯಿಸಿರಬೇಕು. ದಾಂಡೇಲಿಯಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಮಗ ರೆಸಾರ್ಟಿನಲ್ಲಿ ದುಡಿಯುತ್ತಿದ್ದರೂ ತಾಯಿಯ ಹೆಸರು ಸೇರಿಸದ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಕೃಷಿಕರು, ದಿನಗೂಲಿಯವರು, ಸಣ್ಣ ಅಂಗಡಿಯವರು ಮೊದಲು ತಾಲೂಕು ಆಸ್ಪತ್ರೆಗೆ ಹೋಗಬೇಕು. ಹಲ್ಲು ಕೀಳುವುದು, ತುಂಬುವುದು, ಕಟ್ಟಿದ ಗಾರೆ ತೆಗೆಯುವುದು ಮುಂತಾದ ಕೆಲಸಗಳು ಸರ್ಕಾರಿ ದಂತ ವಿಭಾಗದಲ್ಲಿ ಉಚಿತವಾಗಿ ಇಲ್ಲವೇ ಅಲ್ಪ ಶುಲ್ಕದಲ್ಲಿ ಆಗುತ್ತವೆ. ದಂತವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ಕೇಳಿಸಿಕೊಂಡು ಹೊರಟರೆ ಕುಂಬಾರವಾಡದಂಥ ಕಾಡಂಚಿನ ಊರಿನವರಿಗೆ ಒಂದು ದಿನದ ಕೂಲಿ ಉಳಿಯುತ್ತದೆ.

ರೂಟ್ ಕೆನಾಲ್, ಕೃತಕ ಹಲ್ಲುಗಳಿಗೆ ದಂತ ಮಹಾವಿದ್ಯಾಲಯಗಳೇ ಲೇಸು. ಹಳಿಯಾಳದ ಮಾರ್ಗವಾಗಿ ಧಾರವಾಡಕ್ಕೆ ಹೋದರೆ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಮಹಾವಿದ್ಯಾಲಯವಿದೆ. ರಾಮನಗರದ ಕಡೆಯವರಿಗೆ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ದಂತ ಮಹಾವಿದ್ಯಾಲಯ ಅನುಕೂಲ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲೇ ಚಿಕಿತ್ಸೆ ಮಾಡುವುದರಿಂದ ದರ ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ. “ಕಲಿಯುವ ಹುಡುಗರು ಕೈ ಹಾಕ್ತಾರ” ಎಂದು ಹಲವರು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿ ಪ್ರತಿ ಹಂತವನ್ನೂ ಹಿರಿಯರೊಬ್ಬರು ಪರೀಕ್ಷಿಸುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಪೂರ್ಣ ಹಲ್ಲುಸೆಟ್ಟಿಗೆ ಐದಾರು ಬಾರಿ ಓಡಾಡಬೇಕಾಗಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ನಮ್ಮ ತಾಯಂದಿರಿಗೆ ಈ ಓಡಾಟದ ಭಾರ ಇಳಿದಿದೆ.

ಜಾತ್ರೆಯ ದಾಸೋಹದಲ್ಲಿ ರೊಟ್ಟಿಯನ್ನು ಸಾರಿನಲ್ಲಿ ಬಹಳ ಹೊತ್ತು ನೆನೆಯಿಟ್ಟು ಕುಳಿತ ಹಿರಿಯರನ್ನು ನೀವೂ ನೋಡಿರುತ್ತೀರಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡಿಸಲೆಂದೇ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆಯನ್ನು ತಂದಿತ್ತು. ಪಡಿತರ ಚೀಟಿ, ಆಧಾರ್ ಹಿಡಿದು ತಾಲೂಕು ಆಸ್ಪತ್ರೆಯಲ್ಲಿ ಇದರ ಬಗ್ಗೆ ಕೇಳಿ. ಸಂತೆಯ ಬದಿಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹಲ್ಲು ಕೂರಿಸುವವರ ಬಳಿ ಮಾತ್ರ ಹೋಗಬೇಡಿ. ಪಕ್ಕದ ಗಟ್ಟಿ ಹಲ್ಲುಗಳಿಗೆ ಅಂಟಿಸಿದ ಆ ಹಲ್ಲನ್ನು ತೆಗೆದು ತೊಳೆಯಲಾಗದು. ಕೆಳಗೆ ವಸಡು ಕೊಳೆತು ಗಟ್ಟಿ ಹಲ್ಲುಗಳೂ ಅಲುಗಾಡತೊಡಗುತ್ತವೆ.

ಮಕ್ಕಳ ವಿಷಯದಲ್ಲಿ ದಾರಿ ಸುಲಭ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಶಾಲೆಗಳಲ್ಲಿಯೇ ತಪಾಸಣೆ ಮಾಡುತ್ತಾರೆ. ಹುಳುಕು ಹಲ್ಲೂ ಅದರಲ್ಲಿ ಸೇರಿದೆ. ಅವರು ಕೊಟ್ಟ ಚೀಟಿಯನ್ನು ಪಾಟೀಚೀಲದಲ್ಲೇ ಬಿಡಬಾರದು. ಆಯುಷ್ಮಾನ್ ಕಾರ್ಡನ್ನು ನಂಬಿ ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರಿಗೊಂದು ಎಚ್ಚರಿಕೆ: ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಇರುವಂಥದು. ಹಲ್ಲು ತುಂಬಿಸಲು ಅನ್ವಯಿಸೀತೆಂದು ಭಾವಿಸದೆ ಮೊದಲೇ ಕೇಳಿಕೊಳ್ಳಿ.

ಗದ್ದದ ಕೆಳಗೆ ಅಥವಾ ಕುತ್ತಿಗೆಗೆ ಬಾವು ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮನೆಮದ್ದಿಗೆ ಒಂದು ಗಂಟೆಯನ್ನೂ ಕಳೆಯದೆ 108 ವಾಹನ ಕರೆಯಿರಿ. ಮಧುಮೇಹಿಗಳೂ, ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರೂ ಅದನ್ನು ಹಲ್ಲಿನ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಆ ವೃದ್ಧೆಗೆ ಕಡೆಗೆ ದಂತ ಮಹಾವಿದ್ಯಾಲಯವೊಂದರಲ್ಲಿ ಹಲ್ಲುಸೆಟ್ಟು ಮಾಡಿಸಿದೆವು. ಮೊದಲ ತಿಂಗಳು ಅದನ್ನು ಡಬ್ಬಿಯಲ್ಲಿಟ್ಟುಕೊಂಡೇ ತಿರುಗಿದರು. ವಸಡಿಗೆ ಒತ್ತುತ್ತಿದ್ದ ಕಡೆ ಎರಡು ಸಲ ತಿದ್ದಿಸಿದ ಮೇಲೆ ಹಾಕಿಕೊಳ್ಳತೊಡಗಿದರು.