ಅರ್ಧ ಗಂಟೆಯಲ್ಲಿ ಬಿಡುವ ನೆಗಡಿ

ಸೋಮವಾರ ಬೆಳಿಗ್ಗೆ. ಮಗ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಮೂಗು ಸೋರುತ್ತಿದೆ, ಕಣ್ಣಲ್ಲಿ ನೀರು, ಒಂದರ ಹಿಂದೊಂದು ಆಕಳಿಕೆ. ತೋಳಿನ ಮೇಲೆ ರೋಮ ನಿಮಿರಿ ನಿಂತಿದೆ. ಮೂಳೆಮೂಳೆಯೂ ನೋಯುತ್ತಿದೆ ಅನ್ನುತ್ತಾನೆ. ಅಮ್ಮ ಶುಂಠಿ, ಮೆಣಸು, ಕೊತ್ತಂಬರಿ ಕುದಿಸಿ ಕಷಾಯ ಕೊಡುತ್ತಾಳೆ. ಎರಡು ಗುಟುಕು ಕುಡಿದು ಲೋಟ ಬದಿಗಿಡುತ್ತಾನೆ. ಹನ್ನೊಂದರ ಹೊತ್ತಿಗೆ ಒಂದು ಫೋನು. 'ಇಲ್ಲೇ ಹೋಗ್ಬಂದೆ ಅಮ್ಮ' ಅಂತ ಚಪ್ಪಲಿ ಮೆಟ್ಟಿ ಹೊರಟವನು ವಾಪಸು ಬಂದ ಅರ್ಧ ಗಂಟೆಯಲ್ಲಿ ನೆಗಡಿಯೂ ಇಲ್ಲ, ನೋವೂ ಇಲ್ಲ. ಕಷಾಯದ ಗುಣ ಎಂದು ಅಮ್ಮ ಒಳಗೊಳಗೇ ಹಿಗ್ಗುತ್ತಾಳೆ.

ಇದು ಯಾವುದೋ ಒಂದೇ ಮನೆಯ ಕತೆಯಲ್ಲ. ನೋವಿನ ಮಾತ್ರೆ, ಕೆಮ್ಮಿನ ಸಿರಪ್, ಬ್ರೌನ್ ಶುಗರ್ ಹೀಗೆ ಅಫೀಮಿನ ಬಳಗಕ್ಕೆ ಸೇರಿದ ಯಾವುದಕ್ಕೇ ಅಂಟಿಕೊಂಡ ದೇಹವೂ ಡೋಸು ತಪ್ಪಿದ ಕೆಲವು ಗಂಟೆಗಳಲ್ಲಿ ಹೀಗೇ ಸೋರತೊಡಗುತ್ತದೆ. ಪದೇ ಪದೇ ಬಂದು, ಹೊರಗೆ ಹೋಗಿ ಬಂದೊಡನೆ ಬಿಡುವ ನೆಗಡಿಯನ್ನು ಮನೆಯವರು ಗುರುತಿಸಿದರೆ ಎಷ್ಟೋ ತಿಂಗಳು ಉಳಿಯುತ್ತವೆ.

ಆದರೆ ಗುರುತಿಸುವುದು ಸುಲಭವಲ್ಲ. ನಮ್ಮ ಅಪ್ಪ-ಅಮ್ಮಂದಿರ ಪತ್ತೇದಾರಿಕೆ ನಿಂತಿರುವುದು ಮೂಗಿನ ಮೇಲೆ. ಕುಡಿದು ಬಂದರೆ ಬಾಯಿ ನಾರುತ್ತದೆ, ಗಾಂಜಾ ಸೇದಿದರೆ ಬಟ್ಟೆ ನಾರುತ್ತದೆ, ಕಣ್ಣು ಕೆಂಪಾಗುತ್ತದೆ. ಮಾತ್ರೆಗೆ ವಾಸನೆಯಿಲ್ಲ, ಹೊಗೆಯಿಲ್ಲ, ತೂರಾಟವೂ ಕಡಿಮೆ. ಇಲ್ಲಿ ನೋಡಬೇಕಾದದ್ದು ಕಣ್ಣುಪಾಪೆಯನ್ನು. ಮಂದ ಬೆಳಕಿನಲ್ಲಿ ದೊಡ್ಡದಾಗಬೇಕಾದ ಪಾಪೆ ಸಾಸಿವೆ ಕಾಳಿನಷ್ಟಾಗಿ ಕುಗ್ಗಿರುತ್ತದೆ. ಅಮಲು ಇಳಿದಾಗ ಅದೇ ಪಾಪೆ ಅಗಲವಾಗುತ್ತದೆ. ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಕೆ, ಕಾರಣವಿಲ್ಲದೆ ಮೂಗು ಕೆರೆದುಕೊಳ್ಳುವುದು, ದಿನಗಟ್ಟಲೆ ಮಲಬದ್ಧತೆ, ಬಚ್ಚಲಲ್ಲಿ ಬಹಳ ಹೊತ್ತು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡದಿದ್ದರೆ, ಬ್ಯಾಗಿನ ತಳದಲ್ಲಿ ಖಾಲಿ ಸ್ಟ್ರಿಪ್‌ಗಳು ಸಿಕ್ಕರೆ, ವಿಷಯ ಮುಂದೆ ಹೋಗಿದೆ ಎಂದರ್ಥ.

ಈ ಬಳಗದ ಮೂಲ ನಮ್ಮ ಅಡುಗೆಮನೆಗೆ ಅಪರಿಚಿತವೇನಲ್ಲ. ಹಬ್ಬದ ದಿನ ಪಾಯಸ ಕುಡಿದು ಮಧ್ಯಾಹ್ನ ಎಲ್ಲರೂ ಚಾಪೆ ಹಿಡಿಯುವಂತೆ ಮಾಡುವ ಗಸಗಸೆ ಅಫೀಮು ಗಿಡದ್ದೇ ಬೀಜ. ಬೀಜದಲ್ಲಿ ಮತ್ತಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದಿರುವುದು ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಆದರೂ ಯುಎಇಯಂಥ ಕೊಲ್ಲಿ ದೇಶಗಳಲ್ಲಿ ಗಸಗಸೆ ನಿಷಿದ್ಧ. ಅಲ್ಲಿಗೆ ಹೊರಟ ಕರಾವಳಿಯ ಮಂದಿಗೆ ಮಸಾಲೆ ಪೊಟ್ಟಣದಿಂದ ಅದನ್ನು ತೆಗೆದಿಡು ಎಂದು ಯಾರಾದರೂ ಎಚ್ಚರಿಸಿಯೇ ಇರುತ್ತಾರೆ. ಕಾಯಿಯ ಆ ಹಾಲಿನಿಂದಲೇ ಮಾರ್ಫಿನ್, ಕೊಡೀನ್ ಸಿಕ್ಕವು. ಮಾರ್ಫಿನ್‌ನಿಂದ ತಯಾರಾದ ಹೆರಾಯಿನ್ ಅನ್ನು ಜರ್ಮನಿಯ ಬಾಯರ್ ಕಂಪನಿ 1898ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು ಕೆಮ್ಮಿನ ಔಷಧಿಯಾಗಿ!

ಈಗಿನ ಮಾತ್ರೆಗಳಿಗೆ ಗಿಡವೂ ಬೇಡ, ಕಾರ್ಖಾನೆ ಸಾಕು. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ದುರ್ಬಳಕೆ ಹೆಚ್ಚಿದಾಗ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿತು. ಆಮೇಲೆ ದಂಧೆ ಅದರ ಸೋದರನಂತಿರುವ ಟ್ಯಾಪೆಂಟಡಾಲ್ ಕಡೆ ವಾಲಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಈ ಮಾತ್ರೆಯ ರಾಶಿಗಳನ್ನು ಕರ್ನಾಟಕದ ಪೊಲೀಸರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹಿಡಿದಿದ್ದಾರೆ. 2025ರ ಫೆಬ್ರುವರಿಯಲ್ಲಿ ಬಿಬಿಸಿಯ ತನಿಖೆಯೊಂದು ಮುಂಬೈ ಮೂಲದ ಕಂಪನಿ ಟ್ಯಾಪೆಂಟಡಾಲ್‌ಗೆ ಕ್ಯಾರಿಸೊಪ್ರೊಡಾಲ್ ಎಂಬ ಇನ್ನೊಂದು ಔಷಧಿ ಬೆರೆಸಿ ಪಶ್ಚಿಮ ಆಫ್ರಿಕಾಕ್ಕೆ ಕಳುಹಿಸುತ್ತಿದ್ದುದನ್ನು ಬಯಲಿಗಿಟ್ಟಿತು. ಆ ಬೆರಕೆಯ ತಯಾರಿಕೆ, ರಫ್ತಿಗೆ ಸರ್ಕಾರ ತಡೆ ಹಾಕಿತು. ನಮ್ಮ ಹುಡುಗರಲ್ಲಿ ಕೆಲವರು ಮಾತ್ರೆಯನ್ನು ಪುಡಿ ಮಾಡಿ ನರಕ್ಕೆ ಚುಚ್ಚಿಕೊಳ್ಳುವುದೂ ಉಂಟು. ಮಾತ್ರೆಗೆ ಆಕಾರ ಕೊಡಲು ಸೇರಿಸಿದ ಪುಡಿ ರಕ್ತದಲ್ಲಿ ಕರಗುವುದಿಲ್ಲ. ಅದು ಹೋಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಕೂರುತ್ತದೆ. ಸಿರಿಂಜು ಹಂಚಿಕೊಂಡರೆ ಹೆಪಟೈಟಿಸ್-ಸಿ, ಎಚ್‌ಐವಿ ಬೇರೆ.

2019ರಲ್ಲಿ ಪ್ರಕಟವಾದ ಕೇಂದ್ರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು ಬಳಗದ ಬಳಕೆದಾರರು ಸುಮಾರು 2.26 ಕೋಟಿ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಬೇಕು. ಕ್ಯಾನ್ಸರ್ ನೋವಿಗೆ ವೈದ್ಯರು ಬರೆದುಕೊಟ್ಟ ಮಾರ್ಫಿನ್ ನುಂಗುವ ಅಜ್ಜನನ್ನು ಈ ಲೆಕ್ಕಕ್ಕೆ ಸೇರಿಸಿ ಅವನ ಮಾತ್ರೆ ಕಿತ್ತುಕೊಳ್ಳಬಾರದು. ಅದು ಚಟವಲ್ಲ, ಚಿಕಿತ್ಸೆ.

ವಿಷಯ ಗೊತ್ತಾದ ಮನೆಯಲ್ಲಿ ಮೊದಲು ಆಗುವುದು ರಂಪ. ಆಮೇಲೆ ದೇವರ ಮುಂದೆ ಆಣೆ. ಆಮೇಲೆ ಕೋಣೆಯಲ್ಲಿ ಕೂಡಿಹಾಕುವುದು. ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಯುವ ನಾಡು ನಮ್ಮದು. 'ವಾರ ಗಟ್ಟಿ ಮನಸ್ಸು ಮಾಡಿದ್ರೆ ಬಿಟ್ಟುಹೋಗುತ್ತೆ' ಎಂಬ ನಂಬಿಕೆ ಅಲ್ಲಿಂದಲೇ ಬಂದಿರಬೇಕು. ಅಫೀಮಿನ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆ. ಬಿಟ್ಟ ಎರಡು-ಮೂರನೇ ದಿನ ಯಾತನೆ ತುತ್ತತುದಿಗೇರುತ್ತದೆ: ಭೇದಿ, ವಾಂತಿ, ನಿದ್ದೆಯಿಲ್ಲ, ಹಾಸಿಗೆಯಲ್ಲಿ ಕಾಲು ತಾನಾಗಿಯೇ ಒದ್ದುಕೊಳ್ಳುತ್ತಿರುತ್ತದೆ. ಇದರಿಂದ ಸಾಯುವವರು ಅಪರೂಪ. ಸತ್ತರೆ ಸಾಕು ಅನಿಸುವುದು ಮಾತ್ರ ಸಾಮಾನ್ಯ. ವಾರದಲ್ಲಿ ಇದು ಇಳಿಯುತ್ತದೆ, ಮನೆಯವರು 'ಗೆದ್ದೆವು' ಅನ್ನುತ್ತಾರೆ.

ಅಪಾಯ ಶುರುವಾಗುವುದೇ ಅಲ್ಲಿ. ತಿಂಗಳಾನುಗಟ್ಟಲೆ ಹೆಚ್ಚಿಸುತ್ತ ಹೋದ ಡೋಸನ್ನು ತಡೆದುಕೊಳ್ಳುತ್ತಿದ್ದ ದೇಹ ಕೆಲವೇ ವಾರಗಳಲ್ಲಿ ಆ ಶಕ್ತಿ ಕಳೆದುಕೊಳ್ಳುತ್ತದೆ. ವ್ಯಸನಮುಕ್ತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವನು ಹಳೆಯ ಗೆಳೆಯರ ಜೊತೆ ಹಳೆಯ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಧಾನವಾಗುತ್ತ ನಿಂತುಹೋಗುತ್ತದೆ. ತುಟಿ ನೀಲಿ, ಗೊರಗೊರ ಸದ್ದು, ಅಲುಗಿಸಿದರೂ ಎಚ್ಚರವಿಲ್ಲ. 'ಮಲಗಿದ್ದಾನೆ ಬಿಡು' ಎನ್ನದೆ ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ನಲಾಕ್ಸೋನ್ ಚುಚ್ಚುಮದ್ದು ಸಿಕ್ಕರೆ ಕೆಲವೇ ನಿಮಿಷದಲ್ಲಿ ಕಣ್ಣು ಬಿಡುತ್ತಾನೆ. ಆದರೆ ಅದರ ಪ್ರಭಾವ ಬೇಗ ಇಳಿಯುವುದರಿಂದ ಎದ್ದು ಕೂತವನನ್ನು ತಕ್ಷಣ ಮನೆಗೆ ಕರೆದೊಯ್ಯುವಂತಿಲ್ಲ.

ಹಾಗಾಗಿ ಚಿಕಿತ್ಸೆಯೆಂದರೆ ಬರಿಯ ಬಿಡಿಸುವುದಲ್ಲ, ಮತ್ತೆ ಬೀಳದಂತೆ ಹಿಡಿದಿಡುವುದು. ಬುಪ್ರೆನಾರ್ಫಿನ್ ಎಂಬ ಮಾತ್ರೆ ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಯಾತನೆ ತಗ್ಗುತ್ತದೆ, ಒಂದು ಮಟ್ಟದ ಮೇಲೆ ಅಮಲು ಏರುವುದಿಲ್ಲ. 'ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾರೆ' ಎಂದು ಗೊಣಗುವ ಬಂಧುಗಳು ಸಕ್ಕರೆ ಕಾಯಿಲೆಯ ಮಾತ್ರೆಯ ಬಗ್ಗೆ ಹಾಗೆನ್ನುವುದಿಲ್ಲ. ಪೂರ್ತಿ ಬಿಟ್ಟು ವಾರ-ಹತ್ತು ದಿನ ಕಳೆದವರಿಗೆ ನಾಲ್ಟ್ರೆಕ್ಸೋನ್ ಇನ್ನೊಂದು ದಾರಿ. ಯಾವುದು, ಎಷ್ಟು ಕಾಲ ಎಂಬುದನ್ನು ಮನೋವೈದ್ಯರು ತೀರ್ಮಾನಿಸುತ್ತಾರೆ. ಅದು ಸಾಮಾನ್ಯವಾಗಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮಾತು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಮೊದಲು ಮಾತಾಡಿ ನೋಡುವವರಿಗೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416. ಖಾಸಗಿ ಕೇಂದ್ರಕ್ಕೆ ಸೇರಿಸುವವರು ಕಟ್ಟಡದ ಚಂದ ನೋಡುವ ಮೊದಲು ನೋಂದಣಿ ಕೇಳಲಿ, ವೈದ್ಯರು ದಿನಾ ಬರುತ್ತಾರೆಯೇ ಕೇಳಲಿ, ಮಗನ ಜೊತೆ ಒಬ್ಬರೇ ಮಾತಾಡಲು ಬಿಡುತ್ತಾರೆಯೇ ಕೇಳಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವ ಜಾಗ ಆಸ್ಪತ್ರೆಯಲ್ಲ.

ಎಷ್ಟೋ ಮನೆಯವರನ್ನು ಹೊಸ್ತಿಲಲ್ಲೇ ತಡೆಯುವುದು ಪೊಲೀಸರ ಭಯ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಂ ಹೆಚ್ಚಿನವರಿಗೆ ಗೊತ್ತಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಆ ಅಪರಾಧಕ್ಕೆ ವಿಚಾರಣೆಯಿಂದ ಅವನಿಗೆ ರಕ್ಷಣೆಯಿದೆ. ಷರತ್ತು ಒಂದೇ: ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವಂತಿಲ್ಲ.

ಹೀಗೆ ಚಿಕಿತ್ಸೆಗೆ ಬಂದವರಿಗೆ ಕೊಡುವ ಬುಪ್ರೆನಾರ್ಫಿನ್‌ನ ಮೊದಲ ಡೋಸಿಗೆ ವಿಚಿತ್ರ ನಿಯಮವೊಂದಿದೆ. ಅಮಲು ಇನ್ನೂ ಮೈಯಲ್ಲಿರುವಾಗ ಕೊಟ್ಟರೆ ಯಾತನೆ ಒಮ್ಮೆಲೇ ಕೆರಳುತ್ತದೆ. ಅದಕ್ಕೇ ನೆಗಡಿ ಶುರುವಾಗುವವರೆಗೆ ಕಾಯಿಸುತ್ತಾರೆ. ಆಕಳಿಕೆ ಬರಬೇಕು, ಮೂಗು ಸೋರಬೇಕು, ರೋಮ ನಿಮಿರಬೇಕು. ಮನೆಯಲ್ಲಿ ಅಮ್ಮನನ್ನು ಏಮಾರಿಸಿದ ಆ ನೆಗಡಿಯನ್ನೇ ಇಲ್ಲಿ ಪಾಪೆಗೆ ಟಾರ್ಚ್ ಬಿಟ್ಟು, ನಾಡಿ ಹಿಡಿದು, ಅಂಕ ಹಾಕಿ ಅಳೆಯುತ್ತಾರೆ. ಅಂಕ ಸಾಕಷ್ಟಾದ ಮೇಲೆ ನಾಲಿಗೆಯ ಅಡಿಗೆ ಪುಟ್ಟ ಬಿಳಿ ಮಾತ್ರೆ. ನುಂಗಬಾರದು, ನೀರು ಕುಡಿಯಬಾರದು, ಕರಗುವವರೆಗೆ ಮಾತಾಡಬಾರದು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಅಮ್ಮನಿಗೆ ಕೇಳಬೇಕಾದ್ದು ಬೇಕಾದಷ್ಟಿದೆ. ಅವನು ಬೆರಳೆತ್ತಿ ಬಾಯಿ ತೋರಿಸುತ್ತಾನೆ, ಅವಳು ಸುಮ್ಮನಾಗುತ್ತಾಳೆ.