ಹಸಿವು ಅಡಗಿಸುವ ಕಷಾಯ

ಮೈ ಕರಗಬೇಕು, ಹಸಿವಿನ ಕಾಟವೂ ಇರಬಾರದು ಎಂಬ ಆಸೆ ಯಾವ ದೇಶದಲ್ಲಿಲ್ಲ? ದಕ್ಷಿಣ ಕೊರಿಯಾದಲ್ಲಿ ಈ ಆಸೆ ಹೊತ್ತವರು ಅನೇಕ ವೇಳೆ ‘ಹನ್ಯಾಕ್’ ಎಂಬ ಸಾಂಪ್ರದಾಯಿಕ ಔಷಧಿಯ ಮೊರೆಹೋಗುತ್ತಾರೆ. ಅದನ್ನು ಕೊಡುವವರು ಆರು ವರ್ಷ ಕಾಲೇಜಿನಲ್ಲಿ ಓದಿ ಸರ್ಕಾರದ ಪರವಾನಗಿ ಪಡೆದ ವೈದ್ಯರು. ನಮ್ಮ ಆಯುರ್ವೇದ ಪದವೀಧರರ ಹಾಗೆ ಎನ್ನಿ.

ವೈದ್ಯರು ನಾಡಿ ಹಿಡಿದು, ನಿದ್ರೆ ಹೇಗೆ, ಬೆವರು ಎಷ್ಟು ಎಂದು ವಿಚಾರಿಸುತ್ತಾರೆ. ಇದರ ಹಿಂದೆ ಲೀ ಜೆಮಾ ಎಂಬ ವೈದ್ಯರು 1894ರಲ್ಲಿ ಬರೆದ ಗ್ರಂಥದ ಪ್ರಭಾವವಿದೆ. ಅವರು ಅಂಗಗಳ ಬಲಾಬಲವನ್ನು ನೋಡಿ ಮನುಷ್ಯರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿದರು. ಯಕೃತ್ತು ಪ್ರಬಲವಾಗಿ ಶ್ವಾಸಕೋಶ ದುರ್ಬಲವಾಗಿರುವ ‘ತೇಉಮ್’ ಪ್ರಕೃತಿಯವರಿಗೆ ಬೊಜ್ಜು ಬರುವುದು ಹೆಚ್ಚು ಎಂಬುದು ಈ ಪದ್ಧತಿಯ ನಂಬಿಕೆ. ಅವರಿಗೆ ಕೊಡುವ ಒಂದು ಪ್ರಸಿದ್ಧ ಕಷಾಯ ‘ತೇಉಮ್ ಜೋವಿ ತಾಂಗ್’. ಅದರಲ್ಲಿ ಮೂಲಂಗಿ ಬೀಜವಿದೆ, ಚೆಸ್ಟ್‌ನಟ್ ಇದೆ. ಇವೆಲ್ಲ ಅಡುಗೆಮನೆಯ ಸಾಧು ಪದಾರ್ಥಗಳೇ. ಆದರೆ ಜೊತೆಯಲ್ಲಿ ‘ಮಾಹ್ವಾಂಗ್’ ಕೂಡ ಇದೆ. ವಿಷಯವಿರುವುದು ಇಲ್ಲಿ.

ಮಾಹ್ವಾಂಗ್ ಎಂದರೆ ಎಫೆಡ್ರಾ ಎಂಬ ಪೊದೆಗಿಡದ ಕಾಂಡ. ಹಿಂದಿನವರು ಇದನ್ನು ಶೀತಜ್ವರದಲ್ಲಿ ಬೆವರು ಬರಿಸಲು, ಉಬ್ಬಸ ಇಳಿಸಲು ಬಳಸಿದರು. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಇದರಿಂದ ಎಫೆಡ್ರಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಎಫೆಡ್ರಿನ್ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಬರುವಂತೆ ಮಾಡುತ್ತದೆ. ಹುಲಿ ಎದುರಾದವನಿಗೆ ಊಟದ ನೆನಪಾಗುವುದುಂಟೆ? ದೇಹ ಅಂಥದೇ ಸ್ಥಿತಿಗೆ ಬರುತ್ತದೆ. ಹಸಿವು ಅಡಗುತ್ತದೆ, ಮೈಯ ಶಾಖ ತುಸು ಏರುತ್ತದೆ, ತೂಕವೂ ಸ್ವಲ್ಪ ಇಳಿಯುತ್ತದೆ. ಉಬ್ಬಸದ ಮದ್ದಿನ ಅಡ್ಡ ಪರಿಣಾಮವೇ ಇಲ್ಲಿ ಮುಖ್ಯ ಪರಿಣಾಮವಾಗಿದೆ!

ಆದರೆ ಎದೆಬಡಿತ, ರಕ್ತದೊತ್ತಡಗಳೂ ಜೊತೆಯಲ್ಲೇ ಏರುತ್ತವೆ, ನಿದ್ರೆ ಹಾರಿಹೋಗುತ್ತದೆ. ಪರೀಕ್ಷೆಯ ರಾತ್ರಿ ಲೋಟಗಟ್ಟಲೆ ಕಾಫಿ ಕುಡಿಯುವವರಿಗೆ ಇದರ ತೊಂದರೆ ಇಮ್ಮಡಿ, ಏಕೆಂದರೆ ಕೆಫೀನ್ ಕೂಡ ಹೃದಯವನ್ನು ಅದೇ ದಿಕ್ಕಿಗೆ ದೂಡುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಸಾವುಗಳ ವರದಿಗಳು ಬಂದ ಮೇಲೆ, 2004ರಲ್ಲಿ ಅಮೆರಿಕ ಸರ್ಕಾರ ಎಫೆಡ್ರಾ ಬೆರೆತ ಪೂರಕ ಆಹಾರಗಳನ್ನು ನಿಷೇಧಿಸಿತು. ಕೊರಿಯಾದಲ್ಲೂ ಇದು ಆಹಾರವಲ್ಲ, ವೈದ್ಯರ ಕೈಯಿಂದ ಬರಬೇಕಾದ ಔಷಧಿ. ಮದ್ದು ನಿಲ್ಲಿಸಿ ಹಳೆಯ ಊಟಕ್ಕೆ ಮರಳಿದರೆ ತೂಕವೂ ಮರಳುತ್ತದೆ.

ಹಸಿವು ತಗ್ಗಿಸಲು ಕಿವಿಗೆ ಸಣ್ಣ ಸೂಜಿ ಚುಚ್ಚುವ ಕ್ರಮವೂ ಉಂಟು. ಅದರಿಂದ ಅಪಾಯ ಕಡಿಮೆ, ಪ್ರಯೋಜನವೂ ಅಲ್ಪವೇ.

ಆದ್ದರಿಂದ ‘ಶುದ್ಧ ಗಿಡಮೂಲಿಕೆ’ ಎಂದು ಯಾರಾದರೂ ಇಂಥ ಪುಡಿಯನ್ನು ನಿಮ್ಮ ಕೈಗಿತ್ತರೆ ಎಫೆಡ್ರಾ ಇದೆಯೇ, ಇದ್ದರೆ ಎಷ್ಟು ಎಂದು ಮೊದಲು ಕೇಳಿ. ಕ್ರೀಡಾಪಟುಗಳಂತೂ ಕೇಳಲೇಬೇಕು: ಸ್ಪರ್ಧೆಯ ವೇಳೆ ಮೂತ್ರದ ಒಂದು ಮಿಲಿಲೀಟರಿನಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಎಫೆಡ್ರಿನ್ ಕಂಡರೆ, ಅದು ಕಷಾಯದಿಂದ ಬಂದಿದ್ದರೂ, ಉದ್ದೀಪನ ಮದ್ದೆಂದೇ ಲೆಕ್ಕ.